ಮನೆ ತುಂಬಾ ಹಾಡು, ಸ್ಕ್ರಿಪ್ಟಿನ ಅಪ್ಪಣೆಯಲ್ಲಿ: ಯಾವ ಸ್ಪೀಕರ್ ವ್ಯವಸ್ಥೆ ಯಾರಿಗೆ?

ಬೆಳಗಿನ ಐದೂವರೆಗೆ ದೇವರ ಮನೆಯಲ್ಲಿ ಸುಪ್ರಭಾತ ಶುರುವಾಗಬೇಕು. ಆರಕ್ಕೆ ಅದೇ ಹಾಡು ಅಡುಗೆಮನೆಗೂ ಬರಬೇಕು, ಆದರೆ ಮಕ್ಕಳು ಮಲಗಿರುವ ಕೋಣೆಯ ಕಡೆ ಸುಳಿಯಬಾರದು. ಏಳಕ್ಕೆ ನಡುಮನೆಯಲ್ಲಿ ವಾರ್ತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯೆಲ್ಲ ದಾಸರ ಪದ. ರಾತ್ರಿ ಹತ್ತಾಯಿತೆಂದರೆ ಎಲ್ಲವೂ ತಾನಾಗಿ ನಿಲ್ಲಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಇಷ್ಟೂ ಕೆಲಸವನ್ನು ನಲವತ್ತೇ ಸಾಲಿನ ಒಂದು ಸ್ಕ್ರಿಪ್ಟ್, ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಅಪ್ಪಣೆಗಳ ಪಟ್ಟಿ, ನೋಡಿಕೊಳ್ಳುತ್ತಿದೆ. ಬಂದ ನೆಂಟರು, ಕಚೇರಿಯ ಗೆಳೆಯರು ಇದನ್ನು ಕಂಡಾಗ ಸ್ಕ್ರಿಪ್ಟಿನ ಬಗ್ಗೆ ಕೇಳುವುದು ಕಡಿಮೆ. ಅವರ ಪ್ರಶ್ನೆ ಬೇರೆ: ‘ಇದಕ್ಕೆ ಯಾವ ಸ್ಪೀಕರ್ ತೆಗೆದುಕೊಳ್ಳಬೇಕು? ಸೋನೋಸ್ ಒಳ್ಳೆಯದೋ, ಗೂಗಲ್ ಸಾಕೋ, ಅಲೆಕ್ಸಾ ಆದೀತೋ, ಇಲ್ಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು ನಾವೇ ಕಟ್ಟಿಕೊಳ್ಳಬೇಕೋ?’

ಸ್ಪೀಕರಿನ ಹೆಸರಿನಿಂದ ಹೊರಟರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಅಂಗಡಿಯವರು ಹೇಳುವ ಬಾಸ್, ವ್ಯಾಟ್, ಬ್ಯಾಟರಿ ಇವೆಲ್ಲ ಕೈಯಿಂದ ಹಾಡು ಹಾಕುವವರಿಗೆ ಮುಖ್ಯ. ಸ್ಕ್ರಿಪ್ಟ್ ಹಾಡು ಹಾಕಬೇಕೆಂದರೆ ಅಳತೆಗೋಲು ಬೇರೆಯಾಗುತ್ತದೆ. ಅವನ್ನು ಮೊದಲು ಹೇಳಿ ಆಮೇಲೆ ಒಂದೊಂದೇ ವ್ಯವಸ್ಥೆಯನ್ನು ತೂಗುತ್ತೇನೆ.

ಎಲ್ಲಕ್ಕಿಂತ ದೊಡ್ಡ ಅಳತೆಗೋಲು, ಅಪ್ಪಣೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು. ಅಡುಗೆಮನೆಯ ಸ್ಪೀಕರಿಗೆ ‘ನಿಲ್ಲು’ ಎನ್ನಲು ಆ ಮಾತು ನಮ್ಮ ರೂಟರಿನ ಒಳಗೇ ಸುತ್ತಿ ತಲುಪುತ್ತದೆಯೋ, ಅಥವಾ ಎಲ್ಲೋ ದೂರದ ಕಂಪನಿಯ ಸರ್ವರಿಗೆ ಹೋಗಿ ಹಿಂದಿರುಗಿ ಬರಬೇಕೋ? ಮೊದಲನೆಯದಾದರೆ ಇಂಟರ್‌ನೆಟ್ ಸತ್ತ ದಿನವೂ ಸುಪ್ರಭಾತ ಕೇಳುತ್ತದೆ. ಎರಡನೆಯದಾದರೆ ಆ ಕಂಪನಿ ತನ್ನ ನಿಯಮ ಬದಲಿಸಿದ ದಿನ ನಿಮ್ಮ ಸ್ಕ್ರಿಪ್ಟ್ ನಿಲ್ಲುತ್ತದೆ. ಈ ಒಂದು ಅಂಶಕ್ಕೆ ನಾನು ಉಳಿದೆಲ್ಲ ಅಂಶಗಳನ್ನು ಕೂಡಿಸಿದಷ್ಟು ತೂಕ ಕೊಡುತ್ತೇನೆ.

ಎರಡನೆಯದು ತಾಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎಂದರೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ 30 ಮಿಲಿಸೆಕೆಂಡ್ ಹಿಂದೆ ಬಿದ್ದರೆ, ಅದು ಹತ್ತು ಮೀಟರ್ ದೂರದಲ್ಲಿದ್ದಂತೆ ಕೇಳಿಸುತ್ತದೆ. ಇನ್ನೂ ಹಿಂದೆ ಬಿದ್ದರೆ ಪ್ರತಿಧ್ವನಿಯಂತೆ ಎರಡೆರಡು ಸಲ ಕೇಳಿಸತೊಡಗುತ್ತದೆ. ನಡುಮನೆಗೂ ಅಡುಗೆಮನೆಗೂ ನಡುವೆ ಬಾಗಿಲೇ ಇಲ್ಲದ ಮನೆಗಳಲ್ಲಿ ಇದು ಸಹಿಸಲಾಗದ ಕಿರಿಕಿರಿ. ಮೃದಂಗದ ಪೆಟ್ಟು ಒಂದು ಕೋಣೆಯಲ್ಲಿ ಬಿದ್ದ ಮೇಲೆ ಇನ್ನೊಂದು ಕೋಣೆಯಲ್ಲಿ ಬೀಳುತ್ತದೆ. ಕೋಣೆಗಳ ನಡುವೆ ಗಟ್ಟಿ ಬಾಗಿಲಿದ್ದು, ಒಂದೊಂದು ಕೋಣೆಗೆ ಬೇರೆ ಬೇರೆ ಹಾಡು ಸಾಕೆನ್ನುವವರು ಈ ಅಂಶವನ್ನು ಪೂರ್ತಿ ಬಿಟ್ಟುಬಿಡಬಹುದು. ಹಾಗೆ ಬಿಟ್ಟರೆ ಖರ್ಚು ಎಷ್ಟೋ ಇಳಿಯುತ್ತದೆ.

ಮೂರನೆಯದು ಹಾಡು ಎಲ್ಲಿದೆ ಎಂಬುದು. ಕ್ಯಾಸೆಟ್, ಸಿಡಿಗಳಿಂದ ಇಳಿಸಿಕೊಂಡ ಕಡತಗಳು ಹಾರ್ಡ್ ಡಿಸ್ಕಿನಲ್ಲಿವೆಯೋ, ಚಂದಾ ಕಟ್ಟಿದ ಸ್ಟ್ರೀಮಿಂಗ್ ಸೇವೆಯಲ್ಲಿವೆಯೋ, ಇಲ್ಲ ರೇಡಿಯೊ ಬೇಕೋ? ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿ, ಅದು ‘ಆಕಾಶವಾಣಿ’ ಎಂದು ಹೆಸರಾದ ಊರು ನಮ್ಮದು. ರೇಡಿಯೊ ಬಾರದ ವ್ಯವಸ್ಥೆಯನ್ನು ನಮ್ಮ ಅಮ್ಮ ಒಪ್ಪುವ ಮಾತೇ ಇರಲಿಲ್ಲ. ನಾಲ್ಕನೆಯದು, ಕರೆಂಟ್ ಹೋಗಿ ಬಂದ ಮೇಲೆ ವ್ಯವಸ್ಥೆ ತಾನಾಗಿ ಎದ್ದು ನಿಲ್ಲುತ್ತದೆಯೇ? ಐದನೆಯದು, ಸ್ಕ್ರಿಪ್ಟ್ ಎಂದರೇನೆಂದು ತಿಳಿಯದವರು ಕೂಡ ಹಾಡನ್ನು ನಿಲ್ಲಿಸಬಲ್ಲರೇ? ಕೊನೆಯದು ಹಣ. ಹಣವೆಂದರೆ ಬರಿಯ ರೂಪಾಯಿಯಲ್ಲ, ಅದರ ಮುಂದೆ ಕೂರಬೇಕಾದ ಸಂಜೆಗಳೂ ಲೆಕ್ಕಕ್ಕೆ ಬರುತ್ತವೆ.

ಈಗ ಒಂದೊಂದಾಗಿ ನೋಡೋಣ.

ಬಹಳ ಮನೆಗಳಲ್ಲಿ ಈಗಾಗಲೇ ಇರುವುದು ಬ್ಲೂಟೂತ್ ಸ್ಪೀಕರ್. ಹಳೆಯ ಲ್ಯಾಪ್‌ಟಾಪನ್ನೋ ಒಂದು ಪೈಯನ್ನೋ ಅದಕ್ಕೆ ಜೋಡಿಸಿ, ಹೊತ್ತಿಗೆ ಸರಿಯಾಗಿ ಹಾಡು ಹಾಕುವ ಸ್ಕ್ರಿಪ್ಟನ್ನು ಅರ್ಧ ಗಂಟೆಯಲ್ಲಿ ಬರೆಯಬಹುದು. ಇಂಟರ್‌ನೆಟ್ಟೂ ಬೇಡ, ಖಾತೆಯೂ ಬೇಡ. ಆದರೆ ಎರಡು ತೊಡಕುಗಳಿವೆ. ಬ್ಲೂಟೂತಿನ ಹರವು ಸಾಮಾನ್ಯವಾಗಿ ಹತ್ತು ಮೀಟರಿನ ಆಸುಪಾಸು, ಇಟ್ಟಿಗೆ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಆದ್ದರಿಂದ ಒಂದು ಯಂತ್ರ ಒಂದು ಕೋಣೆಗೆ ಮಾತ್ರ. ಎರಡನೆಯ ತೊಡಕು ದೊಡ್ಡದು: ಬ್ಯಾಟರಿ ಉಳಿಸಲು ಇಂಥ ಬಹುತೇಕ ಸ್ಪೀಕರುಗಳು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ತಾವೇ ಆರಿಹೋಗುತ್ತವೆ. ಆರಿದ ಸ್ಪೀಕರನ್ನು ಯಾವ ಸ್ಕ್ರಿಪ್ಟೂ ಎಬ್ಬಿಸಲಾರದು, ಗುಂಡಿಯನ್ನು ಕೈಯಿಂದಲೇ ಒತ್ತಬೇಕು. ಬೆಳಗಿನ ಹಾಡಿಗೆ ಇದು ಆಗದ ಮಾತು. ಆದರೆ ಅದೇ ಸ್ಪೀಕರಿಗೆ 3.5 ಮಿಲಿಮೀಟರ್ ಆಕ್ಸ್ ತೂತಿದ್ದು, ಚಾರ್ಜರಿಗೆ ಹಾಕಿಟ್ಟಾಗ ಆರದೆ ಉಳಿಯುವ ಗುಣವಿದ್ದರೆ ಎಸೆಯಬೇಡಿ. ಮುಂದೆ ಹೇಳುವ ಪೈ ವ್ಯವಸ್ಥೆಯಲ್ಲಿ ಅದಕ್ಕೆ ಮರುಜನ್ಮವಿದೆ.

ಅಲೆಕ್ಸಾ ವಿಷಯವನ್ನು ಬೇಗ ಮುಗಿಸುತ್ತೇನೆ. ಬಾಯಿಮಾತಿನಲ್ಲಿ ಹಾಡು ಕೇಳಲು, ಆ್ಯಪಿನೊಳಗೆ ದಿನಚರಿ ಹೊಂದಿಸಲು ಅದು ಚೆನ್ನಾಗಿದೆ. ನಿಮಗೆ ಬೇಕಿರುವುದು ‘ದಿನವೂ ಆರಕ್ಕೆ ಈ ಹಾಡು’ ಎಂಬಷ್ಟೇ ಆದರೆ ಸ್ಕ್ರಿಪ್ಟಿನ ಗೊಡವೆಯೇ ಬೇಡ, ಅದರ ರೂಟೀನ್ ಸಾಕು. ಆದರೆ ಮನೆಯ ಜಾಲದೊಳಗಿಂದ ಸ್ಕ್ರಿಪ್ಟ್ ಬರೆದು ಅದನ್ನು ಆಳಲು ಅಧಿಕೃತವಾದ, ತೆರೆದ ದಾರಿಯಿಲ್ಲ. ಇರುವ ಅನಧಿಕೃತ ದಾರಿಗಳು ನಿಮ್ಮ ಖಾತೆಯ ಲಾಗಿನ್ ಕುಕಿಯನ್ನು ಹಿಡಿದುಕೊಂಡು ಕಂಪನಿಯ ಸರ್ವರಿನ ಮೂಲಕ ಹೋಗುತ್ತವೆ, ಆಗಾಗ ಮುರಿದುಬೀಳುತ್ತವೆ. ಮೊದಲ ಅಳತೆಗೋಲಿನಲ್ಲೇ ಇದು ನಿಲ್ಲುವುದಿಲ್ಲ.

ವೈಫೈ ಮೂಲಕ ಹಾಡು ಹಾಕಿಸುವ ಗೂಗಲ್ ಕಾಸ್ಟ್ ತಂತ್ರವಿರುವ ಸ್ಪೀಕರುಗಳ ಕಥೆ ಹೆಚ್ಚು ಆಸೆ ಹುಟ್ಟಿಸುವಂಥದ್ದು. ನೆಸ್ಟ್ ಮಿನಿಯಂಥ ಸಣ್ಣ ಸ್ಪೀಕರಿನಿಂದ ಹಿಡಿದು ಬೇರೆ ಕಂಪನಿಗಳ ದೊಡ್ಡ ಸ್ಪೀಕರುಗಳವರೆಗೆ ಕಾಸ್ಟ್ ಇದೆ. ಸ್ಪೀಕರ್ ಮನೆಯ ಜಾಲದಲ್ಲೇ 8009ನೇ ಪೋರ್ಟಿನಲ್ಲಿ, ಎಂದರೆ ಅಪ್ಪಣೆ ಒಳಬರುವ ಅಂಕಿ ಹಾಕಿದ ಬಾಗಿಲಲ್ಲಿ, ಕಿವಿಗೊಟ್ಟು ಕೂತಿರುತ್ತದೆ. ಪೈಕ್ರೋಮ್‌ಕಾಸ್ಟ್ ಎಂಬ ಪೈಥಾನ್ ಲೈಬ್ರರಿ (ಸ್ಕ್ರಿಪ್ಟಿನಲ್ಲಿ ಬಳಸಲು ಬರೆದಿಟ್ಟ ಸಿದ್ಧ ಕೋಡ್) ನೇರವಾಗಿ ಅದರೊಡನೆ ಮಾತಾಡುತ್ತದೆ. ಪ್ರೋಗ್ರಾಮಿಂಗ್ ಬಾರದವರಿಗೆ ಕ್ಯಾಟ್ (catt) ಎಂಬ ಕಮಾಂಡ್ ಇದೆ. ಟರ್ಮಿನಲ್ಲಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಹಾಡು ಹೊರಡುತ್ತದೆ. ಗೂಗಲ್ ಹೋಮ್ ಆ್ಯಪಿನಲ್ಲಿ ನಾಲ್ಕು ಸ್ಪೀಕರ್ ಸೇರಿಸಿ ಒಂದು ಗುಂಪು ಮಾಡಿದರೆ, ಆ ಗುಂಪು ಸ್ಕ್ರಿಪ್ಟಿನ ಕಣ್ಣಿಗೆ ಇನ್ನೊಂದು ಸ್ಪೀಕರಿನಂತೆಯೇ ಕಾಣುತ್ತದೆ. ಗುಂಪಿನೊಳಗಿನ ತಾಳವೂ ಚೆನ್ನಾಗಿರುತ್ತದೆ.

ಇಲ್ಲಿ ತಿಳಿದಿರಬೇಕಾದ ಒಂದು ಒಳಗುಟ್ಟಿದೆ. ಕಾಸ್ಟ್ ಮಾಡುವಾಗ ಸ್ಕ್ರಿಪ್ಟ್ ಹಾಡನ್ನು ಕಳಿಸುವುದಿಲ್ಲ, ಹಾಡಿನ ವಿಳಾಸವನ್ನು ಕಳಿಸುತ್ತದೆ. ಸ್ಪೀಕರ್ ತಾನೇ ಹೋಗಿ ಅದನ್ನು ತಂದುಕೊಳ್ಳುತ್ತದೆ. ಆದ್ದರಿಂದ ಹಾಡಿರುವ ಕಂಪ್ಯೂಟರಿನಲ್ಲಿ ಪುಟ್ಟದೊಂದು ವೆಬ್ ಸರ್ವರ್ ಓಡುತ್ತಿರಬೇಕು, ವಿಳಾಸದಲ್ಲಿ ಕಂಪ್ಯೂಟರಿನ ಹೆಸರಿನ ಬದಲು 192.168ರಿಂದ ಶುರುವಾಗುವ ಐಪಿ ಅಂಕಿಯನ್ನೇ ಕೊಡಬೇಕು. ಗೂಗಲ್ ಸ್ಪೀಕರುಗಳು ಹೆಸರು ಹುಡುಕಲು ನಿಮ್ಮ ರೂಟರನ್ನು ಕೇಳದೆ ಗೂಗಲ್ಲಿನದೇ ಡಿಎನ್‌ಎಸ್ ಅನ್ನು ಕೇಳುವುದುಂಟು, ಅದಕ್ಕೆ ನಿಮ್ಮ ಮನೆಯ ಕಂಪ್ಯೂಟರಿನ ಹೆಸರು ಗೊತ್ತಿರುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಸ್ಕ್ರಿಪ್ಟಿನಲ್ಲಿ ತಪ್ಪು ಹುಡುಕುತ್ತಾ ರಾತ್ರಿ ಕಳೆದಿದ್ದಾರೆ. ಇನ್ನೊಂದು ಸಣ್ಣ ಸಂಗತಿ: ಸುಮ್ಮನಿದ್ದ ಸ್ಪೀಕರಿಗೆ ಕಾಸ್ಟ್ ಜೋಡಣೆಯಾದಾಗ ಅದು ‘ಟುಂಯ್’ ಎಂದು ಸದ್ದು ಮಾಡುತ್ತದೆ. ಬೆಳಗಿನ ಮೌನದಲ್ಲಿ ಹಾಡಿಗಿಂತ ಮೊದಲು ಕಿವಿಗೆ ಬೀಳುವುದು ಅದೇ.

ಕಾಸ್ಟಿಗೆ ನಾನು ಪೂರ್ತಿ ಅಂಕ ಕೊಡದಿರಲು ಕಾರಣ ಅದರ ಜುಟ್ಟು ಕಂಪನಿಯ ಕೈಯಲ್ಲಿರುವುದು. ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಪುಟ್ಟ ಬಿಲ್ಲೆ 2015ರಲ್ಲಿ ಬಂತು. ಯಾವುದೇ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ ಅದನ್ನು ವೈಫೈ ಸ್ಪೀಕರ್ ಮಾಡುತ್ತಿದ್ದ ಅದಕ್ಕೆ ಸಾಟಿಯಿರಲಿಲ್ಲ. ಜನವರಿ 2019ರಲ್ಲಿ ಅದರ ತಯಾರಿಕೆ ನಿಂತಿರುವುದು ತಿಳಿಯಿತು. ಮಾರ್ಚ್ 2025ರಲ್ಲಿ ಅದರೊಳಗಿನ ಒಂದು ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು, ಜಗತ್ತಿನಾದ್ಯಂತ ಆ ಬಿಲ್ಲೆಗಳೂ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟುಗಳೂ ಕೆಲವು ದಿನ ಕೈಕೊಟ್ಟವು. ಗೂಗಲ್ ಆಮೇಲೆ ಸರಿಪಡಿಸಿತು. ಆದರೆ ವಸ್ತು ನಮ್ಮ ಮನೆಯಲ್ಲಿ, ವಿದ್ಯುತ್ತು ನಮ್ಮದು, ಹಾಡು ನಮ್ಮದು, ಆದರೂ ಹಾಡಲು ಬೇರೆಯವರ ಒಪ್ಪಿಗೆ ಬೇಕು ಎಂಬುದು ಆ ವಾರ ಎಲ್ಲರಿಗೂ ಕಣ್ಣಾರೆ ಕಂಡಿತು.

ಸೋನೋಸ್ 2002ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಂಪನಿ. ಕೋಣೆ ಕೋಣೆಗೂ ಒಂದೇ ತಾಳದಲ್ಲಿ ಹಾಡು ಕಳಿಸುವುದನ್ನೇ ಕಸುಬು ಮಾಡಿಕೊಂಡದ್ದು. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮೂರು ಸೋನೋಸ್ ಸ್ಪೀಕರುಗಳಿವೆ. ಅವಳಿಗಾಗಿ ಇಲ್ಲಿಂದಲೇ ಸ್ಕ್ರಿಪ್ಟ್ ಬರೆದುಕೊಟ್ಟದ್ದರಿಂದ ಅದರ ಒಳಹೊರಗು ನನಗೆ ಪರಿಚಯ. ಸೋಕೊ ಎಂಬ ಪೈಥಾನ್ ಲೈಬ್ರರಿ 1400ನೇ ಪೋರ್ಟಿನ ಮೂಲಕ ಸ್ಪೀಕರನ್ನು ನೇರವಾಗಿ ಆಳುತ್ತದೆ, ಅಪ್ಪಣೆ ರೂಟರ್ ದಾಟಿ ಹೊರಗೆ ಹೋಗುವುದಿಲ್ಲ. ಮನೆಯಲ್ಲಿರುವ ಸ್ಪೀಕರುಗಳನ್ನು ಹುಡುಕು, ಅಡುಗೆಮನೆಯನ್ನು ನಡುಮನೆಗೆ ಸೇರಿಸು, ವಾಲ್ಯೂಮ್ ಹದಿನೈದಕ್ಕೆ ಇಳಿಸು, ಈ ವಿಳಾಸದ ಹಾಡು ಹಾಕು: ಒಂದೊಂದಕ್ಕೆ ಒಂದೊಂದು ಸಾಲು ಸಾಕು. ನಾನು ನೋಡಿದ ವ್ಯವಸ್ಥೆಗಳಲ್ಲಿ ಇಷ್ಟು ಚೊಕ್ಕವಾಗಿ ಓದಿಸಿಕೊಳ್ಳುವ ಸ್ಕ್ರಿಪ್ಟ್ ಬೇರೆಯದರಲ್ಲಿಲ್ಲ.

ತಂಗಿಯ ಮನೆಯಲ್ಲಿ ಮೊದಲ ದಿನ ಬಂದ ತೊಂದರೆ ಒಂದೇ. ನಡುಮನೆಗೆ ಹಾಡು ಹಾಕು ಎಂದರೆ ಕೇಳುತ್ತಿತ್ತು, ಅಡುಗೆಮನೆಗೆ ಹಾಡು ಹಾಕು ಎಂದರೆ ತಪ್ಪು ಎನ್ನುತ್ತಿತ್ತು. ಸೋನೋಸಿನಲ್ಲಿ ಗುಂಪು ಸೇರಿದ ಸ್ಪೀಕರುಗಳಿಗೆ ಒಬ್ಬ ಯಜಮಾನನಿರುತ್ತಾನೆ. ಹಾಡು, ನಿಲ್ಲು, ಮುಂದಿನದು ಎಂಬ ಮಾತುಗಳನ್ನು ಆ ಯಜಮಾನ ಸ್ಪೀಕರಿಗೇ ಹೇಳಬೇಕು, ಉಳಿದವು ಕೇಳುವುದಿಲ್ಲ. ವಾಲ್ಯೂಮನ್ನು ಮಾತ್ರ ಪ್ರತಿಯೊಂದಕ್ಕೂ ಬೇರೆಯಾಗಿ ಹೇಳಬಹುದು. ಗುಂಪಿನ ಯಜಮಾನ ಯಾರೆಂದು ಮೊದಲು ಕೇಳಿ ಆಮೇಲೆ ಅವನಿಗೆ ಅಪ್ಪಣೆ ಕೊಡುವ ಒಂದು ಸಾಲು ಸೇರಿಸಿದ ಮೇಲೆ ಆ ಸ್ಕ್ರಿಪ್ಟ್ ಮತ್ತೆ ತಂಟೆ ಮಾಡಿಲ್ಲ.

ಸೋನೋಸ್ ವಿರುದ್ಧ ಇರುವ ದೊಡ್ಡ ಮಾತು ಬೆಲೆ. ಭಾರತದಲ್ಲಿ ಒಂದೊಂದು ಸ್ಪೀಕರಿಗೂ ಹತ್ತಾರು ಸಾವಿರದ ಲೆಕ್ಕ, ನಾಲ್ಕು ಕೋಣೆಗೆಂದರೆ ಒಂದು ಸ್ಕೂಟರಿನ ಹಣ. ಜೊತೆಗೆ ಸೋಕೊ ಕಂಪನಿಯ ಅಧಿಕೃತ ಲೈಬ್ರರಿಯಲ್ಲ, ಉತ್ಸಾಹಿಗಳು ಬರೆದದ್ದು. ಕಂಪನಿ ತಾನಾಗಿ ಕೊಡುವ ನಿಯಂತ್ರಣದ ದಾರಿ ಅದರ ಕ್ಲೌಡ್ ಮೂಲಕವೇ ಇದೆ. 2020ರಲ್ಲಿ ಹಳೆಯ ಸ್ಪೀಕರುಗಳಿಗೆ ಎಸ್1, ಹೊಸವಕ್ಕೆ ಎಸ್2 ಎಂದು ಆ್ಯಪನ್ನೇ ಎರಡಾಗಿ ಒಡೆದದ್ದೂ ನೆನಪಿರಲಿ. ಹಣವಿದೆ, ಸಂಜೆಗಳಿಲ್ಲ ಎನ್ನುವವರಿಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುವ ಹೆಸರು ಇದೇ. ಅದರ ಅಲಾರಂ ಸ್ಪೀಕರಿನೊಳಗೇ ಇರುವುದರಿಂದ, ಬರಿಯ ಬೆಳಗಿನ ಹಾಡಿಗಾದರೆ ಸ್ಕ್ರಿಪ್ಟೂ ಬೇಕಿಲ್ಲ.

ಐಫೋನ್ ಮತ್ತು ಮ್ಯಾಕ್ ತುಂಬಿದ ಮನೆಗಳಿಗೆ ವೈಫೈ ಮೂಲಕ ಹಾಡು ಕಳಿಸುವ ಆಪಲ್ಲಿನ ಏರ್‌ಪ್ಲೇ ಇದೆ. 2018ರಲ್ಲಿ ಬಂದ ಏರ್‌ಪ್ಲೇ 2 ಹಲವು ಕೋಣೆಗಳಿಗೆ ಒಟ್ಟಿಗೆ ಹಾಡುವುದನ್ನು ಕಲಿಯಿತು. ಸ್ಕ್ರಿಪ್ಟಿಗೆ ಓನ್‌ಟೋನ್ ಎಂಬ ಉಚಿತ ಸರ್ವರ್ ಹೊಂದುತ್ತದೆ. ಅದು ನಿಮ್ಮ ಕಡತಗಳನ್ನು ಏರ್‌ಪ್ಲೇ ಸ್ಪೀಕರುಗಳಿಗೂ ಕ್ರೋಮ್‌ಕಾಸ್ಟಿಗೂ ಕಳಿಸುತ್ತದೆ. ತಾಳ ಚೆನ್ನಾಗಿದೆ, ಆದರೆ ಏರ್‌ಪ್ಲೇ ಸ್ವಭಾವತಃ ಸುಮಾರು ಎರಡು ಸೆಕೆಂಡ್ ಹಾಡನ್ನು ತುಂಬಿಕೊಂಡು ಹೊರಡುತ್ತದೆ. ‘ನಿಲ್ಲು’ ಎಂದ ಮೇಲೂ ಒಂದು ಕ್ಷಣ ಹಾಡು ಮುಂದುವರಿಯುವುದು ಅದರಿಂದಲೇ.

ಇನ್ನು ನಾವೇ ಕಟ್ಟಿಕೊಳ್ಳುವ ದಾರಿಗಳು. ಇವುಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ಕಡಿಮೆ ಹಣದಲ್ಲಿ ಮೊದಲ ಅಳತೆಗೋಲನ್ನು ಪೂರ್ತಿ ಮುಟ್ಟುವುದು ಇವೇ.

ಇಡೀ ಉಪಾಯ ಇಷ್ಟು: ಕೋಣೆಗೊಂದು ರಾಸ್ಪ್‌ಬೆರಿ ಪೈ, ಅದಕ್ಕೊಂದು ಯುಎಸ್‌ಬಿ ಸೌಂಡ್ ಕಾರ್ಡ್ ಅಥವಾ ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ತಕ್ಕ ಸಂಕೇತವಾಗಿಸುವ ಸಾಧನ), ಅಲ್ಲಿಂದ ಆಕ್ಸ್ ತಂತಿಯಲ್ಲಿ ಮನೆಯಲ್ಲೇ ಇರುವ ಯಾವುದಾದರೂ ಸ್ಪೀಕರಿಗೆ. 2021ರಲ್ಲಿ ಹದಿನೈದು ಡಾಲರ್ ಅಧಿಕೃತ ಬೆಲೆಯೊಂದಿಗೆ ಬಂದ ಪೈ ಝೀರೊ 2 ಡಬ್ಲ್ಯು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರಲ್ಲಿ ಇಯರ್‌ಫೋನಿನ ತೂತಿಲ್ಲ, ದೊಡ್ಡಣ್ಣನಾದ ಪೈ 5ರಲ್ಲೂ ಇಲ್ಲ. ಆದ್ದರಿಂದ ಸೌಂಡ್ ಕಾರ್ಡಿನ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಝೀರೊದಲ್ಲಿರುವುದು ಸಣ್ಣ ಯುಎಸ್‌ಬಿ ತೂತು, ಅದಕ್ಕೆ ಒಟಿಜಿ ತಂತಿಯೂ ಬೇಕು. ಹೀಗೆ ಕೋಣೆಯೊಂದಕ್ಕೆ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ವಿದ್ಯುತ್ತಿನ ಚಿಂತೆ ಬೇಡ: ನಾಲ್ಕು ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೂ ತಿಂಗಳಿಗೆ ಮೂರು ಯೂನಿಟ್ ದಾಟುವುದಿಲ್ಲ.

ಇಂಥ ಪೈಗಳನ್ನು ಒಂದೇ ತಾಳಕ್ಕೆ ತರಲು ಎರಡು ಒಳ್ಳೆಯ ತಂತ್ರಾಂಶಗಳಿವೆ. ಒಂದು ಸ್ನ್ಯಾಪ್‌ಕಾಸ್ಟ್. ಹಾಡು ನುಡಿಸುವ ಕೆಲಸ ಎಂಪಿಡಿ ಎಂಬ ಹಳೆಯ, ನಂಬಿಕಸ್ಥ ತಂತ್ರಾಂಶದ್ದು. ಅದರ ಧ್ವನಿಯನ್ನು ಸ್ನ್ಯಾಪ್‌ಕಾಸ್ಟ್ ಸರ್ವರ್ ತುಂಡು ತುಂಡಾಗಿ, ಪ್ರತಿ ತುಂಡಿಗೂ ಹೊತ್ತಿನ ಗುರುತು ಹಾಕಿ ಹಂಚುತ್ತದೆ. ಪ್ರತಿ ಕೋಣೆಯ ಪೈ ತನ್ನ ಗಡಿಯಾರ ನೋಡಿಕೊಂಡು, ತುಸು ಹಿಂದೆ ಬಿದ್ದರೆ ತುಸು ಬೇಗ, ಮುಂದಾದರೆ ತುಸು ನಿಧಾನವಾಗಿ ನುಡಿಸಿ ಸರಿತೂಗಿಸುತ್ತದೆ. ಸಾಮಾನ್ಯವಾಗಿ ಕೋಣೆ ಕೋಣೆಗಳ ವ್ಯತ್ಯಾಸ 0.2 ಮಿಲಿಸೆಕೆಂಡಿಗಿಂತ ಕಡಿಮೆ. ಎಂದರೆ ಸ್ಪೀಕರನ್ನು ಏಳು ಸೆಂಟಿಮೀಟರ್ ಸರಿಸಿಟ್ಟಷ್ಟು ಮಾತ್ರ. ಕೋಣೆ ಕೋಣೆಗಳ ನಡುವೆ ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಪ್ರತಿಧ್ವನಿಯಾಗಿ ತಿಳಿಯುವುದಿಲ್ಲ. ಇದರ ಆಂಡ್ರಾಯ್ಡ್ ಆ್ಯಪೂ ಇರುವುದರಿಂದ ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನೇ ಒಂದು ಕೋಣೆಗೆ ಕೂರಿಸಬಹುದು. ಸ್ಕ್ರಿಪ್ಟಿಗೆ ಎಲ್ಲವೂ ತೆರೆದಿದೆ: ಹಾಡಿಗೆ ಎಂಪಿಡಿಯ 6600ನೇ ಪೋರ್ಟ್, ಕೋಣೆಗಳ ವಾಲ್ಯೂಮಿಗೆ ಸ್ನ್ಯಾಪ್‌ಕಾಸ್ಟಿನ 1705. ಆದರೆ ಈ ಎರಡನ್ನೂ ಹೊಲಿದು ಒಂದು ಮಾಡುವ ಕೆಲಸ ನಿಮ್ಮದು. ಲಿನಕ್ಸಿನ ಕಪ್ಪು ಪರದೆ ಕಂಡರೆ ಹೆದರಿಕೆಯಾಗುವವರಿಗೆ ಇದನ್ನು ಹೇಳಲಾರೆ.

ಇನ್ನೊಂದು ಲೈರಿಯನ್ ಮ್ಯೂಸಿಕ್ ಸರ್ವರ್. ನಮ್ಮ ಮನೆಯಲ್ಲಿರುವುದು ಇದು. ಇದರ ಹಿಂದೆ ಒಂದು ಕಥೆಯಿದೆ, ಆಯ್ಕೆಗೆ ಅದೂ ಮುಖ್ಯ. ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಜಾಲದ ಸಂಗೀತಪೆಟ್ಟಿಗೆ ಮಾಡುತ್ತಿತ್ತು. ಅದರ ಸರ್ವರ್ ತಂತ್ರಾಂಶ ಮೊದಲಿನಿಂದಲೂ ಮುಕ್ತ. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಪೆಟ್ಟಿಗೆಗಳನ್ನೇ ನಿಲ್ಲಿಸಿತು, 2024ರಲ್ಲಿ ಅದರ ಅಂತರ್ಜಾಲ ಸೇವೆಯೂ ಮುಚ್ಚಿತು. ಬೇರೆ ಯಾವುದೇ ವಸ್ತುವಾಗಿದ್ದರೆ ಅಲ್ಲಿಗೆ ಗುಜರಿ ಸೇರುತ್ತಿತ್ತು. ಆದರೆ ಸರ್ವರ್ ಬಳಕೆದಾರರ ಮನೆಯಲ್ಲೇ ಇತ್ತು, ಮೂಲಸಂಕೇತ ಎಲ್ಲರ ಕೈಯಲ್ಲಿತ್ತು. ಉತ್ಸಾಹಿಗಳು ಅದೇ ವರ್ಷ ಅದಕ್ಕೆ ಲೈರಿಯನ್ ಎಂದು ಹೆಸರು ಬದಲಿಸಿ ಮುಂದುವರಿಸಿದರು. ಇಪ್ಪತ್ತು ವರ್ಷದ ಹಿಂದಿನ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ.

ಪೈಯಲ್ಲಿ ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶ ಹಾಕಿದರೆ ಅದು ಅಂಥದೇ ಒಂದು ಪೆಟ್ಟಿಗೆಯಾಗುತ್ತದೆ. ನನಗೆ ಇದರಲ್ಲಿ ಬಹಳ ಹಿಡಿಸಿದ ಗುಣ, ಅದು ಪೂರ್ತಿ ಮೆಮೊರಿಯಲ್ಲೇ ಓಡುವುದು. ಕರೆಂಟ್ ಸರಕ್ಕನೆ ಹೋದಾಗ ಮಾಮೂಲಿ ಪೈಯ ಮೆಮೊರಿ ಕಾರ್ಡ್ ಕೆಡುವ ಭಯವಿರುತ್ತದೆ. ನಾನೇ ಎರಡು ಕಾರ್ಡು ಕಳೆದುಕೊಂಡಿದ್ದೇನೆ. ಪೈಕೋರ್‌ಪ್ಲೇಯರ್ ಹಾಕಿದ ಮೇಲೆ ಒಂದೂ ಹೋಗಿಲ್ಲ. ಇನ್ನೊಂದು ಗುಣ: ಲೈರಿಯನ್ ಪ್ರತಿ ಕೋಣೆಯನ್ನೂ ಅದರ ಮ್ಯಾಕ್ ವಿಳಾಸದಿಂದ, ಎಂದರೆ ಯಂತ್ರಕ್ಕೇ ಅಂಟಿಕೊಂಡಿರುವ ಗುರುತಿನ ಸಂಖ್ಯೆಯಿಂದ, ಗುರುತಿಸುತ್ತದೆ. ಕರೆಂಟ್ ಬಂದ ಮೇಲೆ ರೂಟರ್ ಯಾರಿಗೆ ಯಾವ ಐಪಿ ಹಂಚಿದರೂ ಸ್ಕ್ರಿಪ್ಟಿಗೆ ಅಡುಗೆಮನೆ ಅಡುಗೆಮನೆಯೇ.

ಅಪ್ಪಣೆ ಕೊಡುವ ಬಗೆಯಂತೂ ಸಂತೋಷ ಕೊಡುವಷ್ಟು ಸರಳ. 9090ನೇ ಪೋರ್ಟಿಗೆ ಟೆಲ್ನೆಟ್ (ಇನ್ನೊಂದು ಯಂತ್ರದೊಡನೆ ಅಕ್ಷರಗಳಲ್ಲೇ ಮಾತಾಡುವ ಕಮಾಂಡ್) ಮಾಡಿ, ಕೋಣೆಯ ವಿಳಾಸ, ಒಂದು ತೆರಪು, ‘ಮಿಕ್ಸರ್ ವಾಲ್ಯೂಮ್ 20’ ಎಂದು ಅದರ ಭಾಷೆಯಲ್ಲಿ ಟೈಪಿಸಿ ಎಂಟರ್ ಒತ್ತಿದರೆ, ಆ ಕ್ಷಣವೇ ಅಡುಗೆಮನೆಯ ಸದ್ದು ಇಳಿಯುತ್ತದೆ. ಪೈಥಾನ್ ಬಾರದವರೂ ಹೀಗೆ ಸಾಲು ಸಾಲಾಗಿ ಬರೆದಿಟ್ಟು ಕಳಿಸಬಹುದು. ಪೈಥಾನ್ ಬಲ್ಲವರಿಗೆ 9000ನೇ ಪೋರ್ಟಿನಲ್ಲಿ ಜೇಸನ್ (JSON) ಎಂಬ ಬರಹದ ರೂಪದಲ್ಲಿ ಅಪ್ಪಣೆ ಕಳಿಸುವ ದಾರಿ ಇದೆ. ಹಳೆಯ ಕ್ರೋಮ್‌ಕಾಸ್ಟ್, ಏರ್‌ಪ್ಲೇ ಸ್ಪೀಕರುಗಳನ್ನೂ ಸೇತುವೆಯಂಥ ಪ್ಲಗಿನ್‌ಗಳ ಮೂಲಕ ಸೇರಿಸಿಕೊಳ್ಳಬಹುದು. ಅವು ಪೈಗಳೊಡನೆ ಕೂದಲೆಳೆಯಷ್ಟು ಸರಿಯಾಗಿ ತಾಳ ಹಿಡಿಯುತ್ತವೆಂದು ಮಾತ್ರ ನಿರೀಕ್ಷಿಸಬೇಡಿ. ಲೈರಿಯನ್ನಿನ ಕೊರತೆ ಅದರ ಪರದೆ. ಹಳೆಯ ಕಾಲದ ನೋಟ, ಸೆಟ್ಟಿಂಗುಗಳ ಕಾಡು. ಮೊದಲ ಎರಡು ಸಂಜೆ ತಲೆ ಕೆಡಿಸಿಕೊಳ್ಳಲು ಸಿದ್ಧರಿರಬೇಕು.

ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟಿರುವವರು ಇನ್ನೊಂದು ವಿಷಯ ತೂಗಬೇಕು. ಸ್ಪಾಟಿಫೈ ಆದರೆ ಲಿಬ್ರೆಸ್ಪಾಟ್ ಎಂಬ ತಂತ್ರಾಂಶದಿಂದ ಪೈಯನ್ನೇ ಅದರ ಸ್ಪೀಕರ್ ಮಾಡಬಹುದು, ಸ್ಕ್ರಿಪ್ಟುಗಳಿಗೆಂದು ಅದು ತೆರೆದಿಟ್ಟಿರುವ ವೆಬ್ ಎಪಿಐ ಮೂಲಕ ಸ್ಕ್ರಿಪ್ಟಿನಿಂದ ಹಾಡು ಹಾಕಿಸಬಹುದು. ಎರಡಕ್ಕೂ ಪ್ರೀಮಿಯಂ ಚಂದಾ ಬೇಕು, ಅಪ್ಪಣೆ ಹೊರಗೆ ಹೋಗಿಯೇ ಬರುತ್ತದೆ. ನಾನು ಮಾಡಿಕೊಂಡಿರುವ ಹೊಂದಾಣಿಕೆ ಇದು: ದಿನವೂ ತಪ್ಪದೆ ಆಗಬೇಕಾದ ಹಾಡುಗಳು ನಮ್ಮ ಡಿಸ್ಕಿನಲ್ಲಿ, ಮನಸ್ಸು ಬಂದಾಗ ಕೇಳುವವು ಸ್ಟ್ರೀಮಿಂಗಿನಲ್ಲಿ.

ಹೋಮ್ ಅಸಿಸ್ಟೆಂಟ್ ಬಗ್ಗೆಯೂ ಕೇಳುತ್ತಾರೆ. ಅದು ಸ್ಪೀಕರ್ ವ್ಯವಸ್ಥೆಯಲ್ಲ, ಎಲ್ಲ ವ್ಯವಸ್ಥೆಗಳನ್ನು ಒಂದೇ ಕಡೆಯಿಂದ ಆಳುವ ಮೇಟಿ. ಮನೆಯಲ್ಲಿ ಸೋನೋಸ್ ಒಂದು, ನೆಸ್ಟ್ ಎರಡು, ಪೈ ಮೂರು ಎಂದು ಕಲಬೆರಕೆಯಿದ್ದರೆ, ಅಥವಾ ಬಾಗಿಲು ತೆರೆದಾಗ, ದೀಪ ಹಚ್ಚಿದಾಗ ಹಾಡು ಬರಬೇಕೆಂದಿದ್ದರೆ ಅದು ಬೇಕೇ ಬೇಕು. ಗಡಿಯಾರ ನೋಡಿ ಹಾಡುವುದಷ್ಟೇ ಆದರೆ ಲಿನಕ್ಸಿನಲ್ಲಿ ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಸಾಕು, ಆ ಭಾರ ಹೊರಬೇಡಿ.

ಕ್ರಾನ್ ಎಂದಾಗ ನೆನಪಾಯಿತು, ಯಾವ ಸ್ಪೀಕರ್ ಕೊಂಡರೂ ಎದುರಾಗುವ ಮೂರು ಸಂಗತಿ ಹೇಳಿಬಿಡುತ್ತೇನೆ. ಯಂತ್ರದ ಗಡಿಯಾರ ಭಾರತದ ಸಮಯದಲ್ಲಿದೆಯೇ ನೋಡಿ. ಅದು ಗ್ರೀನಿಚ್ ಸಮಯದಲ್ಲೇ ಇದ್ದರೆ ‘30 5 * * *’ (ದಿನವೂ ಐದೂವರೆಗೆ) ಎಂದು ಕ್ರಾನಿನಲ್ಲಿ ಬರೆದ ಸುಪ್ರಭಾತ ಬೆಳಗಿನ ಹನ್ನೊಂದಕ್ಕೆ ಹಾಡುತ್ತದೆ. ಎರಡನೆಯದು, ಪೈಗೆ ಕೈಗಡಿಯಾರದಂತೆ ಬ್ಯಾಟರಿಯ ಗಡಿಯಾರವಿಲ್ಲ. ಪೈ 5ರಲ್ಲಿ ಗಡಿಯಾರವಿದ್ದರೂ ಬ್ಯಾಟರಿ ಬೇರೆ ತಂದು ಹಾಕಬೇಕು. ರಾತ್ರಿ ಕರೆಂಟ್ ಹೋಗಿ, ಬಂದ ಮೇಲೆ ಇಂಟರ್‌ನೆಟ್ ಬಾರದಿದ್ದರೆ ಅದು ಕರೆಂಟ್ ಹೋಗುವ ಮುನ್ನ ಗುರುತು ಹಾಕಿಕೊಂಡ ಹೊತ್ತಿನಿಂದಲೇ ಎಣಿಕೆ ಶುರುಮಾಡುತ್ತದೆ. ಆದ್ದರಿಂದ ಗಡಿಯಾರ ಇಂಟರ್‌ನೆಟ್ಟಿನಿಂದ ಹೊಂದಿಕೆಯಾಗಿದೆಯೇ ಎಂದು ಸ್ಕ್ರಿಪ್ಟ್ ಮೊದಲು ಕೇಳಲಿ, ಇಲ್ಲದಿದ್ದರೆ ಸುಮ್ಮನಿರಲಿ. ಸಾಧ್ಯವಾದರೆ ರೂಟರನ್ನೂ ಸರ್ವರ್ ಪೈಯನ್ನೂ ಯುಪಿಎಸ್ ಬ್ಯಾಟರಿಗೆ ಹಾಕಿ.

ಮೂರನೆಯದನ್ನು ಅನುಭವದಿಂದ ಕಲಿತೆ. ಮಗಳ ಹುಟ್ಟುಹಬ್ಬದ ಸಂಜೆ ನಡುಮನೆಯ ವಾಲ್ಯೂಮನ್ನು ತೊಂಬತ್ತಕ್ಕೆ ಏರಿಸಿದ್ದೆವು, ಇಳಿಸಲು ಮರೆತೆವು. ಮರುದಿನ ನಸುಕಿನಲ್ಲಿ ಅದೇ ಸದ್ದಿನಲ್ಲಿ ಹಾಡು ಎದ್ದಿತು. ಮಲಗಿದ್ದ ಅಮ್ಮ ಬೆಚ್ಚಿ ಎದ್ದು ಕೂತು ಎದೆ ಹಿಡಿದುಕೊಂಡದ್ದನ್ನು ನಾನು ಮರೆಯಲಾರೆ. ಅಂದಿನಿಂದ ನಮ್ಮ ಸ್ಕ್ರಿಪ್ಟಿನಲ್ಲಿ ಕ್ರಮ ಬದಲಾಗಿದೆ: ಮೊದಲು ವಾಲ್ಯೂಮನ್ನು ಐದಕ್ಕೆ ಇಳಿಸು, ಇಳಿದಿದೆಯೇ ಎಂದು ಕೇಳು, ಹೌದೆಂದರೆ ಮಾತ್ರ ಹಾಡು ಹಾಕು, ಆಮೇಲೆ ಎರಡು ನಿಮಿಷದಲ್ಲಿ ಮೆಲ್ಲಗೆ ಇಪ್ಪತ್ತೈದಕ್ಕೆ ಏರಿಸು. ವಯಸ್ಸಾದವರಿರುವ ಮನೆಯಲ್ಲಿ ಈ ಕ್ರಮವನ್ನು ಬಿಡಲೇಬೇಡಿ.

ಹಾಗಾದರೆ ಯಾರಿಗೆ ಯಾವುದು? ಬಾಡಿಗೆ ಮನೆ, ಒಂದೆರಡು ಕೋಣೆ, ಆಗಾಗ ಮನೆ ಬದಲಿಸುವವರು ನೆಸ್ಟ್ ಮಿನಿಯಂಥ ಕಾಸ್ಟ್ ಸ್ಪೀಕರ್ ಒಂದೆರಡು ತೆಗೆದುಕೊಳ್ಳಿ. ಕಂಪನಿಯ ಹಿಡಿತದ ಅಪಾಯ ಗೊತ್ತಿದ್ದೇ ತೆಗೆದುಕೊಳ್ಳಿ, ಆ ಬೆಲೆಗೆ ಅದು ಸಹ್ಯ. ಸ್ವಂತ ಮನೆ, ನಾಲ್ಕಾರು ಕೋಣೆ, ಹಳೆಯ ಸ್ಪೀಕರುಗಳು ಕೈಯಲ್ಲಿವೆ, ಎರಡು ವಾರಾಂತ್ಯ ಕೊಡಬಲ್ಲಿರಿ ಎಂದರೆ ಪೈ ಮತ್ತು ಲೈರಿಯನ್. ನಡುವೆ ಬಾಗಿಲಿಲ್ಲದ ಕೋಣೆಗಳು, ಲಿನಕ್ಸ್ ಕೈಗೆ ಹತ್ತಿದೆ, ತಾಳದಲ್ಲಿ ರಾಜಿಯಿಲ್ಲ ಎನ್ನುವವರಿಗೆ ಸ್ನ್ಯಾಪ್‌ಕಾಸ್ಟ್. ಖರ್ಚಿಗೆ ಅಂಜದೆ ತಂದಿಟ್ಟ ದಿನವೇ ಹಾಡಬೇಕೆಂದರೆ ಸೋನೋಸ್, ಅದರಲ್ಲೂ ಒಮ್ಮೆಗೇ ನಾಲ್ಕು ಕೊಳ್ಳದೆ ಒಂದರಿಂದ ಶುರುಮಾಡಿ. ಆಪಲ್ ಮನೆಯವರು ಇರುವುದಕ್ಕೇ ಓನ್‌ಟೋನ್ ಜೋಡಿಸಿ ನೋಡಿದ ಮೇಲೆ ಹೊಸದರ ಯೋಚನೆ ಮಾಡಿ.

ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಗೆಳೆಯರ ಮನೆಯಲ್ಲಿ ಅದೇ ಸ್ಪೀಕರ್ ಇದ್ದರೆ ಲ್ಯಾಪ್‌ಟಾಪ್ ಹಿಡಿದು ಹೋಗಿ. ವೈಫೈ ಹಾಗೇ ಇರಲಿ, ರೂಟರಿಗೆ ಹೊರಗಿನಿಂದ ಬರುವ ಫೈಬರ್ ತಂತಿಯನ್ನು ಮಾತ್ರ ಕಳಚಿಸಿ. ಲ್ಯಾಪ್‌ಟಾಪಿನಲ್ಲಿರುವ ಒಂದು ಹಾಡನ್ನು ಸ್ಕ್ರಿಪ್ಟಿನಿಂದ ಹಾಕಿಸಿ, ವಾಲ್ಯೂಮ್ ಇಳಿಸಿ, ನಿಲ್ಲಿಸಿ. ಆಮೇಲೆ ಸ್ಪೀಕರಿನ ಪ್ಲಗ್ ಕಿತ್ತು ಮತ್ತೆ ಹಾಕಿ, ಐದು ನಿಮಿಷ ಕಾದು, ಅದೇ ಸ್ಕ್ರಿಪ್ಟನ್ನು ಒಂದಕ್ಷರ ಬದಲಿಸದೆ ಮತ್ತೊಮ್ಮೆ ಓಡಿಸಿ. ಆ ಸ್ಪೀಕರ್ ನಿಮ್ಮ ಮನೆಗೆ ಆಗುತ್ತದೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ನಮ್ಮ ಹಿತ್ತಲಿಗೆ ಇನ್ನೊಂದು ಸ್ಪೀಕರ್ ಬೇಕೆಂದು ಅಮ್ಮ ಕೇಳುತ್ತಿದ್ದಾರೆ, ತುಳಸಿಕಟ್ಟೆಯ ಹತ್ತಿರ. ಬರುವ ಭಾನುವಾರ ನಾನೂ ಇದೇ ಪರೀಕ್ಷೆಗೆ ಹೊರಟಿದ್ದೇನೆ.